ಬಲಸಾಲಿನ ಏಳನೇ ಮನೆ

ಡಾಕ್ಟರಮ್ಮಾ,

ಹೀಗೆ ಕರೆದರೆ ಆಗ ನಿನಗೆ ನಾಚಿಕೆಯಾಗುತ್ತಿತ್ತು. ‘ನಾನಿನ್ನೂ ಮೂರನೇ ವರ್ಷದಲ್ಲಿ ಓದ್ತಿದ್ದೀನಿ, ಹಾಗೆಲ್ಲ ಕರೀಬೇಡಿ’ ಎಂದು ನಮ್ಮ ಬೀದಿಯ ಒಬ್ಬೊಬ್ಬರನ್ನೂ ಬೇಡಿಕೊಳ್ಳುತ್ತಿದ್ದೆ. ಅವರು ಕೇಳಿದರೆ ತಾನೇ? ಈಗ ನೀನು ನಿಜವಾದ ಡಾಕ್ಟರಮ್ಮ, ನಿನ್ನ ಕಾಗದದ ನೆತ್ತಿಯ ಮೇಲೆಯೇ ಅಚ್ಚಾಗಿದೆ. ನೀನು ಮಾತ್ರ ನನ್ನನ್ನು ಇನ್ನೂ ‘ಗುಬ್ಬಿ’ ಎಂದೇ ಕರೆದಿದ್ದೀಯ. ಏಳು ವರ್ಷ ಸುದ್ದಿಯಿಲ್ಲ ಸುಳಿವಿಲ್ಲ, ಮೊದಲ ಸಾಲಿನಲ್ಲೇ ಗುಬ್ಬಿ! ಓದಿ ನಗು ಬಂತು. ಆಮೇಲೆ ಕಾಗದ ಮಡಿಸಿಟ್ಟೆ.

ನಾವು ವಿದ್ಯಾರ್ಥಿಗಳು ಸೇರಿ ಶುರು ಮಾಡಿದ ಯೋಜನೆಗೆ ಹತ್ತು ವರ್ಷ ತುಂಬಿತು, ಸ್ಮರಣ ಸಂಚಿಕೆ ತರುತ್ತಿದ್ದೇವೆ, ನೂರು ಪದ ಮೀರದಂತೆ ಒಂದೆರಡು ಸಿಹಿ ನೆನಪು ಬರೆದುಕೊಡು ಎಂದು ಕೇಳಿದ್ದೀಯ. ಕೊನೆಗೆ ಒಂದು ಸಾಲು ಸೇರಿಸಿದ್ದೀಯ: ದೊಡ್ಡಮ್ಮನ ನಗುಮುಖದ ಫೋಟೊ ಇದ್ದರೆ ಜೊತೆಗೆ ಕಳಿಸು. ಸಕ್ಕರೆ ಕಾಯಿಲೆಯ ಯೋಜನೆಗೆ ಸಿಹಿ ನೆನಪು ಕೇಳುವುದು ನಿನಗೇ ಸೈ. ನೂರು ಪದ ಈಗಾಗಲೇ ಮುಗಿದಿರಬೇಕು. ಎಣಿಸಿಕೊಳ್ಳುವ ಕೆಲಸ ನಿನಗೆ ಬಿಟ್ಟೆ, ಎಣಿಕೆಯಲ್ಲಿ ನೀನು ಯಾವಾಗಲೂ ಮುಂದೆ.

ಫೋಟೊ ಕಳಿಸುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ. ಒಂದೇ ಬಾರಿ ಬರೆಯುವುದು, ಆದ್ದರಿಂದ ಪೂರ್ತಿ ಓದು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ, ನನಗೆ ತಾಯಿಗಿಂತ ಹೆಚ್ಚು ಎಂಬುದು ನಿನಗೆ ಗೊತ್ತಿದ್ದದ್ದೇ. ಶರ್ಟಿನ ಕಾರ್ಖಾನೆಯವರು ಮೂಟೆಯಲ್ಲಿ ಕಟ್ಟಿ ಕಳಿಸುತ್ತಿದ್ದ ಶರ್ಟುಗಳಿಗೆ ಮನೆಯಲ್ಲೇ ಕೂತು ಕೈಯಲ್ಲಿ ಗುಂಡಿ ತೂರಿಸುವ ಗುಂಡಿಮನೆ ಹೊಲಿಯುತ್ತಿದ್ದಳು. ಕಿಟಕಿಯ ಪಕ್ಕ ಒಂದು ಗಿಡ್ಡ ಸ್ಟೂಲು, ಮೊಣಕಾಲಿನ ಮೇಲೆ ಹಳೆ ಟವೆಲ್ಲು, ಹಲ್ಲುಗಳ ನಡುವೆ ದಾರದ ತುದಿ. ಆ ಗುಂಡಿಮನೆಗಳ ಮೇಲೆಯೇ ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದಿದ್ದು. ನಿನ್ನ ಕಾಲೇಜಿನ ಹಿಂದಿನ ಕಟ್ಟಡ ನಮ್ಮದು. ಮುಂದಿನ ಕಟ್ಟಡದವರು ಹಿಂದಿನ ಕಟ್ಟಡಕ್ಕೆ ಬರುತ್ತಿದ್ದದ್ದು ದಾರಿ ತಪ್ಪಿದಾಗ ಮಾತ್ರ. ನೀನು ಬೇಕೆಂದೇ ಬಂದೆ. ‘ರಕ್ತ ತೆಗೆಯೋಕೆ ನಿನ್ನಷ್ಟು ಹಗುರ ಕೈ ನಮ್ಮ ಬ್ಯಾಚಲ್ಲಿ ಯಾರಿಗೂ ಇಲ್ಲ’ ಎಂದೆ. ಆ ಒಂದು ಮಾತಿಗೆ ನಾನು ನಿನ್ನ ಹಿಂದೆ ನಾಯಿಮರಿಯ ಹಾಗೆ ಹೊರಟೆ.

ಬ್ಯಾನರು ಮೊದಲು ಬಂತು, ನೆನಪಿದೆಯಾ? ಕೂಸು ಹುಟ್ಟುವ ಮುಂಚೆ ಕುಲಾವಿ. ‘ಎಲ್ಲರಿಗೂ ಸಮಾನ ಆರೋಗ್ಯ’ ಎಂದು ಹಸಿರು ಅಕ್ಷರ. ಅದನ್ನು ಬೀದಿಯ ಬಾಯಲ್ಲಿ ಕಟ್ಟಿದೆವು. ನಮ್ಮದು ಉದ್ದನೆಯ ಬೀದಿ, ಎಡಕ್ಕೆ ಹನ್ನೆರಡು ಮನೆ, ಬಲಕ್ಕೆ ಹನ್ನೆರಡು. ನಿನಗೆ ಅದನ್ನು ನೋಡಿಯೇ ಕಣ್ಣು ಅರಳಿತು. ಒಂದು ಸಾಲಿಗೆ ವಾರವಾರ ಹೋಗಿ ರಕ್ತ ನೋಡೋಣ, ಊಟ ತಿದ್ದೋಣ, ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ಇನ್ನೊಂದು ಸಾಲಿಗೆ ಮೊದಲೊಮ್ಮೆ, ಆರು ತಿಂಗಳಾದ ಮೇಲೆ ಒಮ್ಮೆ ರಕ್ತ ನೋಡಿ ಬರೆದಿಟ್ಟುಕೊಳ್ಳೋಣ, ಏನೂ ಹೇಳುವುದು ಬೇಡ ಎಂದೆ. ಎರಡರ ನಡುವಿನ ಅಂತರ ತೋರಿಸಿದರೆ ದೊಡ್ಡವರು ಕಿವಿಗೊಡುತ್ತಾರೆ, ಆಗ ಬಲ ಎಡ ಎಲ್ಲ ಸಾಲಿಗೂ, ಇಡೀ ಊರಿಗೂ ಸಿಗುತ್ತದೆ ಎಂದೆ. ನಿಮ್ಮ ಪ್ರೊಫೆಸರು ಬೀದಿಗೆ ಕಾಲಿಡದೆಯೇ ಸಹಿ ಹಾಕಿದರು. ರಕ್ತದ ಸಕ್ಕರೆ ಮುನ್ನೂರು ದಾಟಿದವರನ್ನು ಮಾತ್ರ ಯಾವ ಸಾಲಿನವರಾದರೂ ತಕ್ಷಣ ಆಸ್ಪತ್ರೆಗೆ ಕಳಿಸಿ ಎಂಬ ಷರತ್ತು ಬರೆದರು. ನನಗೆ ಎಲ್ಲವೂ ನ್ಯಾಯವಾಗಿಯೇ ಕಂಡಿತು. ಸುಳ್ಳು ಹೇಳುವುದಿಲ್ಲ, ನಾನೂ ತಲೆಯಾಡಿಸಿದೆ.

ಯಾವ ಸಾಲು ಎಂದು ನೀನು ಬೀದಿಯ ನಡುವೆ ನಿಂತು ನಾಣ್ಯ ಚಿಮ್ಮಿದೆ. ವಾರವಾರದ ಆರೈಕೆಗೆ ಎಡಸಾಲು ಬಂತು, ನಮ್ಮ ಮನೆ ಬಲಸಾಲಿನಲ್ಲಿತ್ತು. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೋ ಆಟ ಅಂದುಕೊಂಡು ಚಪ್ಪಾಳೆ ಹೊಡೆದು, ‘ಯಾರೇ ಗೆದ್ದದ್ದು?’ ಎಂದು ಕೇಳಿದಳು. ನಾವಿಬ್ಬರೂ ನಕ್ಕೆವು.

ಮೊದಲ ದಿನ ಅವಳ ಬೆರಳು ಚುಚ್ಚಿದವಳು ನಾನೇ. ಇನ್ನೂರ ಎಂಬತ್ತೆಂಟು. ಮುನ್ನೂರಕ್ಕೆ ಹನ್ನೆರಡು ಕಡಿಮೆ. ನಾನು ನಿನ್ನ ಮುಖ ನೋಡಿದೆ. ನೀನು ಹಾಳೆ ನೋಡಿದೆ. ಹೊರಗೆ ಬಂದ ಮೇಲೆ ‘ಗುಬ್ಬಿ, ನಿಯಮ ಅಂದ್ರೆ ನಿಯಮ. ನಿನ್ನ ದೊಡ್ಡಮ್ಮನಿಗೆ ಹೇಳಿದ್ರೆ ಉಳಿದ ಹನ್ನೊಂದು ಮನೆಗೂ ಹೇಳ್ಬೇಕು. ಆಮೇಲೆ ಹೋಲಿಸೋಕೆ ಏನಿರುತ್ತೆ? ಆರು ತಿಂಗಳು ತಾನೇ’ ಎಂದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗಾಯಿತು ನನಗೆ. ನುಂಗಿದೆ.

ಅಲ್ಲಿಗೆ ಮುಗಿಯಲಿಲ್ಲ. ವಾರದೊಳಗೆ ದೊಡ್ಡಮ್ಮ ಸೂಜಿ ಹಿಡಿದು ನನ್ನ ಹತ್ತಿರ ಬಂದಳು, ದಾರ ಪೋಣಿಸಿಕೊಡು ಎಂದು. ಜನ್ಮದಲ್ಲಿ ಕೇಳಿದವಳಲ್ಲ. ಅದನ್ನು ನಿನಗೆ ಹೇಳಿದಾಗ ನೀನು, ‘ನೀನು ಆ ಮನೇಲಿದ್ರೆ ಬಾಯಿ ಬಿಟ್ಟೇ ಬಿಡ್ತೀಯ. ಆರು ತಿಂಗಳು ನನ್ನ ರೂಮಿಗೆ ಬಂದುಬಿಡು’ ಎಂದೆ. ನಾನು ಬಂದುಬಿಟ್ಟೆ! ನಿನ್ನ ರೂಮಿನಲ್ಲಿ ಎರಡು ಮೇಜು, ಎರಡು ದೀಪ, ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ. ಮುಂದಿನ ಕಟ್ಟಡದ ಹುಡುಗಿಯ ಜೊತೆ ಒಂದೇ ಬಟ್ಟಲಲ್ಲಿ ಚಹಾ ಕುಡಿಯುವ ಭಾಗ್ಯ. ಅಲ್ಲಿ ನಾನು ಸುಖವಾಗಿದ್ದೆ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ನಿನ್ನ ಮೇಲಿನ ಸಿಟ್ಟಿಗಿಂತ ಇದು ಹೆಚ್ಚು ಸುಡುತ್ತದೆ.

ದಾರ ಪೋಣಿಸಲು ಆಮೇಲೆ ಪಕ್ಕದ ಮನೆಯ ಹುಡುಗಿಯನ್ನು ಕರೆಯುತ್ತಿದ್ದಳಂತೆ.

ಎಡಸಾಲಿಗೆ ನೀನು ಮಾಡಿದ್ದನ್ನು ಅಲ್ಲಗಳೆದರೆ ನಾಲಿಗೆ ಬಿದ್ದುಹೋದೀತು. ಎದುರು ಮನೆಯ ಕಂಡಕ್ಟರು, ಬಸ್ಸಿನಿಂದ ನಿವೃತ್ತಿಯಾದ ಮೇಲೂ ಎಲ್ಲರನ್ನೂ ‘ಮುಂದೆ ಹೋಗಿ, ಮುಂದೆ ಹೋಗಿ’ ಎನ್ನುತ್ತಿದ್ದವರು, ಅವರ ಪಾದದ ಹುಣ್ಣನ್ನು ನೀನು ನೆಲದ ಮೇಲೆ ಕೂತು ತೊಳೆದೆ. ಅವರ ಉಗುರು ಕತ್ತರಿಸಿದೆ. ಮೆತ್ತನೆಯ ಬೂಟು ಕೊಡಿಸಿದೆ. ಅವರು ಆ ಬೂಟು ಹಾಕಿಕೊಂಡು ಬೀದಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತ, ‘ನನ್ನ ಸಕ್ಕರೆ ಇಳೀತಪ್ಪ, ಇನ್ನು ನಾನು ಮಾತ್ರ ಇಷ್ಟು ಬೇಗ ಇಳಿಯಲ್ಲ’ ಎಂದು ಎಲ್ಲರ ಕಿಟಕಿಗೂ ಕೇಳುವಂತೆ ಹೇಳುತ್ತಿದ್ದರು. ಇವತ್ತಿಗೂ ನಡೆಯುತ್ತಾರೆ. ನೀನು ಕೆಟ್ಟವಳಾಗಿದ್ದರೆ ಈ ಪತ್ರ ಸುಲಭವಾಗುತ್ತಿತ್ತು. ನಾಲ್ಕು ಬೈಗುಳದಲ್ಲಿ ಮುಗಿಸುತ್ತಿದ್ದೆ.

ಆರು ತಿಂಗಳಾದ ಮೇಲೆ ಬಲಸಾಲಿಗೆ ಹೋದೆವು. ಏಳನೇ ಮನೆ. ದೊಡ್ಡಮ್ಮ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಬಿಳಿ ಶರ್ಟಿನ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ತೆಗೆಯುತ್ತಿದ್ದಳು. ‘ಕರಿದಾರ ಕಣೇ. ಎಷ್ಟು ತೆಗೆದರೂ ಹೋಗ್ತಿಲ್ಲ. ಬಿಳಿ ಶರ್ಟಿಗೆ ಕರಿದಾರ ಹೇಗೆ ಬಂತೋ, ಕಾರ್ಖಾನೆ ಮೇಸ್ತ್ರಿ ನೋಡಿದ್ರೆ ಬೈತಾನೆ’ ಎಂದಳು. ಶರ್ಟಿನ ಮೇಲೆ ಏನೂ ಇರಲಿಲ್ಲ. ದಾರ ತೇಲುತ್ತಿದ್ದದ್ದು ಅವಳ ಕಣ್ಣಿನೊಳಗೆ, ರಕ್ತದ ಎಳೆ. ನಾನು ಬೆರಳು ಚುಚ್ಚಿದೆ. ಮುನ್ನೂರ ಎಪ್ಪತ್ತೊಂದು. ನೀನು ಅಲ್ಲೇ ನಿಂತಿದ್ದೆ, ನಿನ್ನ ಕಣ್ಣಲ್ಲೂ ನೀರು ಬಂದದ್ದನ್ನು ನೋಡಿದೆ. ನೀನೇ ಓಡಿಹೋಗಿ ಗಾಡಿ ತಂದೆ. ಆದರೆ ಗಾಡಿ ಹತ್ತುವ ಮುಂಚೆ, ಡಾಕ್ಟರಮ್ಮಾ, ನೀನು ಹಾಳೆಯಲ್ಲಿ ಆ ಸಂಖ್ಯೆ ಬರೆದುಕೊಂಡೆ.

ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿ, ಸ್ವಲ್ಪ ಮುಂಚೆ ಬಂದಿದ್ದರೆ ಒಂದನ್ನಾದರೂ ಉಳಿಸಬಹುದಿತ್ತು ಎಂದರು. ಸ್ವಲ್ಪ ಅಂದರೆ ಎಷ್ಟು ಎಂದು ಕೇಳಿದೆ. ಆರೇಳು ತಿಂಗಳು ಎಂದರು. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣು ಮುಂದಿನ ವರ್ಷ ಹೋಯಿತು.

ನಿನ್ನ ವರದಿ ಮಾತ್ರ ಬಹಳ ಚೆನ್ನಾಗಿ ಬಂತು. ಎರಡು ಗೆರೆ, ಎಡಸಾಲಿನದು ಕೆಳಗೆ, ಬಲಸಾಲಿನದು ಮೇಲೆ. ಆ ಮೇಲಿನ ಗೆರೆಯಲ್ಲಿ ದೊಡ್ಡಮ್ಮನ ಪಾಲು ದೊಡ್ಡದು, ಅವಳಿಲ್ಲದಿದ್ದರೆ ಅಂತರ ಅಷ್ಟು ಕಣ್ಣಿಗೆ ಹೊಡೆಯುತ್ತಿರಲಿಲ್ಲ. ನನ್ನ ಪರೀಕ್ಷೆ ಮುಗಿಯಲಿ, ಆಮೇಲೆ ಬಲಸಾಲು ಎಂದು ನೀನು ಹೇಳಿದೆ. ಪರೀಕ್ಷೆ ಮುಗಿಯಿತು. ಬಹುಮಾನ ಬರಲಿ ಎಂದೆ. ಬಂತು. ಆಮೇಲೆ ಯೋಜನೆ ಇನ್ನೂ ದೊಡ್ಡ ಬೀದಿಗೆ, ಆಮೇಲೆ ಇನ್ನೊಂದು ಊರಿಗೆ ಹೋಯಿತು. ನಮ್ಮ ಬೀದಿಗೆ ಒಂದು ಶನಿವಾರ ಕ್ಯಾಮೆರಾದವರು ಬಂದರು, ಕಂಡಕ್ಟರ ಬೂಟಿನ ಚಿತ್ರ ತೆಗೆದುಕೊಂಡು ಹೋದರು. ಬಲಸಾಲಿನ ಹನ್ನೆರಡು ಮನೆಗೆ ಇವತ್ತಿನವರೆಗೂ ನಿಮ್ಮಲ್ಲಿ ಯಾರೂ ಬಂದಿಲ್ಲ. ನೀನು ಬರುತ್ತೀಯ ಎಂದು ನಾನು ಎರಡು ವರ್ಷ ಕಾದೆ, ಕಾಗದ ಬರೆದೆ. ಉತ್ತರಕ್ಕೆ ನೀನು ಯೋಜನೆಯ ಕೈಪಿಡಿಯ ಹೊಸ ಮುದ್ರಣ ಕಳಿಸಿದೆ.

ಇಷ್ಟೇ ಆಗಿದ್ದರೆ ನಾನು ಈ ಪತ್ರವನ್ನೂ ನುಂಗಿಕೊಳ್ಳುತ್ತಿದ್ದೆ, ನುಂಗಿ ಅಭ್ಯಾಸವಿದೆ. ಆದರೆ ನಿನ್ನ ಕಾಗದ ಬಂದ ದಿನ ಅದನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವಳು ಅದೇ ಸ್ಟೂಲಿನ ಮೇಲೆ ಕೂತು ಗುಂಡಿಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ, ನಾಲ್ಕು ತೂತಿನವು ಒಂದು ಡಬ್ಬಿಗೆ, ಎರಡು ತೂತಿನವು ಇನ್ನೊಂದಕ್ಕೆ ಹಾಕುತ್ತಿದ್ದಳು. ಕಾರ್ಖಾನೆಯವರು ಈಗ ಕೊಡುವ ಕೆಲಸ ಅದು. ಅಂದು ಮೊದಲ ಬಾರಿಗೆ ಇನ್ನೂರ ಎಂಬತ್ತೆಂಟರ ವಿಷಯವನ್ನೂ ಹೇಳಿಬಿಟ್ಟೆ. ಇಷ್ಟು ವರ್ಷ ಅವಳ ಕೈಹಿಡಿದು ನಡೆಸಿದವಳು ನಾನು, ಅದನ್ನು ಮಾತ್ರ ಹೇಳಿರಲಿಲ್ಲ. ಬೈಯುತ್ತಾಳೆ, ಅಳುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ಅವಳು ಗುಂಡಿ ಹಾಕುವುದನ್ನು ನಿಲ್ಲಿಸಲಿಲ್ಲ.

‘ಆಗ ಕಣ್ಣು ಮಂಜಾಗ್ತಿದೆ ಅಂತ ಆಸ್ಪತ್ರೆಗೆ ಹೋಗೋಣ ಅಂತಿದ್ದೆ ಕಣೇ. ಮೇಸ್ತ್ರಿ ಹತ್ರ ಒಂದು ದಿನ ರಜಾನೂ ಕೇಳಿಟ್ಟಿದ್ದೆ. ಅಷ್ಟರಲ್ಲಿ ನೀವೇ ಬಂದು ರಕ್ತ ನೋಡಿದ್ರಿ, ಏನೂ ಹೇಳಲಿಲ್ಲ. ಏನಾದ್ರೂ ಇದ್ದಿದ್ರೆ ನಮ್ಮ ಹುಡುಗಿ ಹೇಳದೆ ಇರ್ತಾಳಾ ಅಂದ್ಕೊಂಡು ರಜಾ ಬೇಡ ಅಂದೆ.’

ಇಷ್ಟು ಹೇಳಿ, ಒಂದು ಗುಂಡಿ ನೆಲಕ್ಕೆ ಬಿತ್ತು ನೋಡು, ತೆಗೆದುಕೊಡು ಎಂದಳು.

ನಾವು ಅವಳಿಗೆ ಏನೂ ಮಾಡಲಿಲ್ಲ ಎಂದು ಇಷ್ಟು ವರ್ಷ ಕೊರಗಿದ್ದೆ. ಏನೂ ಮಾಡದೆ ಇದ್ದಿದ್ದರೆ ಅವಳಿಗೆ ಕಣ್ಣಿರುತ್ತಿತ್ತೇನೋ. ನಾವು ಆ ಬೀದಿಗೆ ಕಾಲೇ ಇಡದಿದ್ದರೆ ಅವಳು ಒಬ್ಬಳೇ ಆಸ್ಪತ್ರೆಯ ಸಾಲಿನಲ್ಲಿ ನಿಂತು, ಬೈಸಿಕೊಂಡು, ಮಾತ್ರೆ ತೆಗೆದುಕೊಂಡು ಬರುತ್ತಿದ್ದಳು. ಆಮೇಲೆ ಬಲಸಾಲಿನ ಬಾಗಿಲು ಬಾಗಿಲಿಗೂ ಹೋಗಿ ಕೇಳಿದೆ. ನಾಲ್ಕು ಮನೆಯವರು ಅದೇ ಮಾತು ಹೇಳಿದರು. ಚುಚ್ಚಿ ನೋಡಿದವರು ಸುಮ್ಮನೆ ಹೋದರು ಅಂದಮೇಲೆ ನಾವು ಚೆನ್ನಾಗಿದ್ದೇವೆ ಅಂದುಕೊಂಡೆವು. ಮೂರನೇ ಮನೆಯ ಗಾರೆಯವನಿಗೆ ಈಗ ಒಂದೇ ಕಾಲು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನಮ್ಮ ಬೀದಿಗೆ ಬೆಳ್ಳಿಯೇ ಸಾಕಾಗಿತ್ತು.

ನಾನೀಗ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಫಲಿತಾಂಶ ರೋಗಿಗೆ ಹೇಳುವುದು ನಮ್ಮ ಕೆಲಸವಲ್ಲ, ಅದು ಡಾಕ್ಟರದು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳುತ್ತೇನೆ. ಎರಡು ಬಾರಿ ಮೆಮೊ ಕೊಟ್ಟಿದ್ದಾರೆ. ಮೂರನೆಯದಕ್ಕೆ ಕೆಲಸ ಹೋಗಬಹುದು, ಹೋಗಲಿ.

ನಿನ್ನ ಸಂಚಿಕೆಗೆ ಫೋಟೊ ಬದಲು ಬಲಸಾಲಿನ ಆ ಮೊದಲ ದಿನದ ಹಾಳೆ ಕಳಿಸುತ್ತಿದ್ದೇನೆ. ನನ್ನ ಕೈಬರಹವೇ, ನೀನು ಎಸೆಯಲು ಹೇಳಿದ್ದೆ, ಎಸೆದಿರಲಿಲ್ಲ. ಹೆಸರಿಲ್ಲ, ಬರೀ ಮನೆಯ ಅಂಕಿ, ಪಕ್ಕದಲ್ಲಿ ರಕ್ತದ ಅಂಕಿ. ಅಚ್ಚು ಹಾಕುವ ಧೈರ್ಯವಿದ್ದರೆ ಇದನ್ನು ಹಾಕು. ಇಲ್ಲದಿದ್ದರೆ ಕಂಡಕ್ಟರ ಬೂಟು ಇದ್ದೇ ಇದೆ.

ಪತ್ರ ಬರೆಯುತ್ತಿದ್ದೇನೆ ಎಂದಾಗ ದೊಡ್ಡಮ್ಮ, ‘ಆ ಹುಡುಗಿಗೆ ಒಳ್ಳೇದಾಗ್ಲಿ ಅಂತ ಬರಿ, ಪಾಪ, ಬಿಸಿಲಲ್ಲಿ ಎಷ್ಟು ಓಡಾಡಿದ್ಲು’ ಎಂದಳು. ಅವಳು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ. ಬರೆದಿದ್ದೇನೆ. ಅದು ಅವಳ ಹಾರೈಕೆ, ನನ್ನದಲ್ಲ.

ನನ್ನದು ಇದು. ನೀನು ನೂರು ವರ್ಷ ಬಾಳು. ಮುಂದೆಂದಾದರೂ ನಿನಗೆ ಕಾಯಿಲೆಯಾದರೆ, ನಿನ್ನ ಬೆರಳು ಚುಚ್ಚಿದವಳು ನಿನ್ನ ಎದುರು ಕೂತು, ಅವತ್ತೇ, ನಿನಗೆ ಹೇಳಲಿ.

ಇಂತಿ,
ಹೇಳದೆ ಉಳಿದವಳು,
ಬಲಸಾಲಿನ ಏಳನೇ ಮನೆ