ನಾಲ್ಕು ಚೀಟಿಗಳು

ಕಾಲೇಜಿನ ಸ್ಟಾಫ್ ರೂಮು
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಮಾತ್ರೆಯನ್ನು ಮೇಜಿನ ಮೇಲಿಟ್ಟು ಮರೆಯುವ ನಿನ್ನ ಬುದ್ಧಿ ನನಗೆ ಗೊತ್ತು. ನಾನೂ ನಿನ್ನ ಮಗನೂ ಚೆನ್ನಾಗಿದ್ದೇವೆ. ತರಗತಿಯಲ್ಲಿ ಬಾಯಿತುಂಬ ಮೇಡಂ ಎನ್ನುತ್ತಾನೆ, ಮನೆಗೆ ಬಂದರೆ ಚಿಕ್ಕಮ್ಮನ ತಲೆ ತಿನ್ನುತ್ತಾನೆ.

ಚೆನ್ನಾಗಿದ್ದೇವೆ ಎಂದದ್ದು ಸುಳ್ಳು. ಹೋದ ತಿಂಗಳು ಐದೈದು ಜನರ ಗುಂಪು ಮಾಡಿ ವರದಿ ಬರೆಸಿದ್ದೆ. ಒಂದು ಗುಂಪಿನದು ಹಳೆಯ ಬ್ಯಾಚಿನ ವರದಿಯ ಪೂರಾ ನಕಲು. ನನ್ನ ಪದ್ಧತಿ ನಿನಗೆ ಗೊತ್ತಲ್ಲ, ಯಾರು ಏನು ಮಾಡಿದರೆಂದು ಒಬ್ಬೊಬ್ಬರೂ ಗುಟ್ಟಾಗಿ ಚೀಟಿ ಬರೆದುಕೊಡಬೇಕು. ನಾಲ್ಕು ಚೀಟಿಗಳೂ ಒಬ್ಬಳ ಕಡೆಗೇ ಬೆರಳು ತೋರಿಸಿದವು. ಬೇರೆ ದೇಶದಿಂದ ಬಂದು ನಮ್ಮ ಮಾತನ್ನು ತಡವರಿಸಿ ಆಡುವ ಹುಡುಗಿ. ಯಾರೂ ಸೇರಿಸಿಕೊಳ್ಳದಾಗ ನಾನೇ ಆ ಗುಂಪಿಗೆ ತುರುಕಿದ್ದೆ. ಅವಳ ಚೀಟಿ ಖಾಲಿ. ಕರೆದು ಕೇಳಿದರೆ ತಲೆ ತಗ್ಗಿಸಿ ನಿಂತಳು, ಕಣ್ಣೆತ್ತಲಿಲ್ಲ. "ಮುಖದಲ್ಲೇ ಬರೆದಿದೆಯಲ್ಲ" ಅಂದರು ಲೆಕ್ಕದ ಮೇಷ್ಟ್ರು. "ಅವರ ಕಡೆಯೋರಿಗೆ ಇದು ತಪ್ಪು ಅಂತಾನೇ ಅನ್ಸಲ್ಲ" ಎಂದವಳು ನಾನು. ನಾಚಿಕೆಯಾಗುತ್ತದೆ ಅಕ್ಕಾ. ಅಪ್ಪನ ಮುಂದೆ ನಾವಿಬ್ಬರೂ ಹಾಗೇ ನಿಲ್ಲುತ್ತಿದ್ದೆವು, ತಪ್ಪು ಮಾಡದಿದ್ದಾಗಲೂ.

ದೂರಿಗೆ ನಾನು ಹಾಕಿದ ಸಹಿ ನಂಬಿ ಕಾಲೇಜಿನಿಂದ ಅವಳ ಹೆಸರು ತೆಗೆದುಹಾಕಿದ್ದಾರೆ. ಶನಿವಾರದೊಳಗೆ ಹಾಸ್ಟೆಲ್ ಬಿಡಬೇಕು. ಕಾಲೇಜು ಹೋದರೆ ಈ ದೇಶದಲ್ಲಿರುವ ಪರವಾನಗಿಯೂ ಹೋಯಿತು. ನಿನ್ನೆ ಕಾರಿಡಾರಿನಲ್ಲಿ ಎದುರಾದಾಗ ಗೋಡೆಗೆ ಸರಿದು ದಾರಿ ಬಿಟ್ಟಳು. "ನೆಲ ಒದ್ದೆ ಇದೆ ಮೇಡಂ, ಹುಷಾರು" ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಂಡಿ ವಾಸಿಯಾಗುವ ತನಕ ಮೆಟ್ಟಿಲು ಹತ್ತಬೇಡ.

ನಿನ್ನ ತಂಗಿ

ತಾ.ಕ.: ಆ ಗುಂಪಿನಲ್ಲಿ ನಿನ್ನ ಮಗನೂ ಇದ್ದ. ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಅವನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಕಂಡೆ, ಎರಡು ಕಡೆ ಹೊಡೆದು ತಿದ್ದಿದ್ದ: "ಅವಳೊಬ್ಬಳೇ ಬರೆದು ತಂದಳು, ನಮಗೆ ತೋರಿಸಲೂ ಇಲ್ಲ." ಚೀಟಿಗಳನ್ನು ಮತ್ತೆ ತೆಗೆದು ನೋಡಿದೆ. ನಾಲ್ಕರಲ್ಲೂ ಅದೇ ಸಾಲು, ಒಂದಕ್ಷರ ಬದಲಿಲ್ಲ. ಅಂದು ಬರೀ ಕಣ್ಣಾಡಿಸಿ ಬಿಟ್ಟಿದ್ದೆ. ಇದನ್ನು ಅಂಚೆಗೆ ಹಾಕಿ, ನೋಟ್‌ಬುಕ್ ಹಿಡಿದು ನೇರ ಪ್ರಿನ್ಸಿಪಾಲರ ಹತ್ತಿರ ಹೋಗುತ್ತೇನೆ. ಬೇಕಾದರೆ ನನ್ನನ್ನು ಕ್ಷಮಿಸಬೇಡ. ಅವಳ ಮೇಲೇ ಯಾಕೋ ಹಾಕಿದೆ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದಿಷ್ಟು: "ಅವಳು ಅಂದ್ರೆ ನೀನು ನಂಬ್ತೀಯ ಅಂತ ಗೊತ್ತಿತ್ತು ಚಿಕ್ಕಮ್ಮ."