ಗಾಳಿಯೆಂದು ಬಿಡಿಸಿದ ಪದ

ಕೊಟ್ಟೂರು
೧೭-೭-೨೦೨೪

ತಂಗಿ ಜಂಬಕ್ಕನಿಗೆ ನಿನ್ನ ಅಕ್ಕ ಎರ್ರೆಮ್ಮ ಎರಡೂ ಕೈ ನಿನ್ನ ತಲೆ ಮೇಲಿಟ್ಟು ಬರೆಯುವುದು.

ನಿನ್ನ ಫೋನ್ ನಾಲ್ಕು ಸಲ ಬಂದರೂ ಎತ್ತಲಿಲ್ಲ, ತಪ್ಪು ತಿಳಿಯಬೇಡ. ನಿಮ್ಮ ಮನೆಯಲ್ಲಿ ಫೋನ್ ಬಂದರೆ ಸ್ಪೀಕರ್ ಹಾಕಿ ಎಲ್ಲರೂ ಸುತ್ತ ಕೂರುತ್ತೀರಿ. ಈ ಮಾತು ನಿನಗೊಬ್ಬಳಿಗೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ, ಅಕ್ಷರ ಸೊಟ್ಟ ಇದ್ದರೆ ಹೊಂದಿಸಿಕೊಂಡು ಓದು. ಮಲ್ಲಿಗೆ ಈ ಸಲ ಹೇಗಿದೆ? ಮೊಣಕಾಲು ನೋವಿದ್ದರೂ ಹೂವು ಬಿಡಿಸಲು ಹೋಗುತ್ತೀಯಂತೆ, ಹಾವುಗೀವು ನೋಡಿಕೋ.

ಹೋದ ವಾರ ಹರಪನಹಳ್ಳಿಯಿಂದ ಸುಕನ್ಯಾ ಎನ್ನುವ ಓದುವ ಹುಡುಗಿ ಬಂದಿದ್ದಳು. ಸೋಬಾನೆ ಪದ ಬರೆದುಕೊಳ್ಳುತ್ತೇನೆ ಎಂದಳು. ಬರೆದುಕೊಳ್ಳಲಿ. ಆದರೆ ಫೋನನ್ನು ಚಾಪೆಯ ಮೇಲೆ ಬೋರಲು ಯಾಕೆ ಇಡಬೇಕು? ಅಂಚಿನಲ್ಲಿ ಬೆಳಕು ಇಣುಕುತ್ತಿತ್ತು. ಪದ ಬರೆಯುವವಳಿಗೆ ನಮ್ಮ ಅವ್ವ ಸತ್ತ ವರ್ಷ ಯಾಕೆ ಬೇಕು?

ಆಮೇಲೆ ಕೇಳಿದಳು, “ಅಮ್ಮಾ, ಆವೇಶ ಅಂದ್ರ ಏನ್ರಿ?”

“ಸಿಟ್ಟು” ಎಂದೆ.

“ಈಗ ಹಂಗಾಗೈತಿ. ಮೂಲ ಸಂಸ್ಕೃತದಾಗ ಒಳಗ ಹೊಗೋದು ಅಂತ ಅರ್ಥ. ದೇವರು ಹೊಕ್ಕರೂ ಆವೇಶ, ದೆವ್ವ ಹೊಕ್ಕರೂ ಆವೇಶ. ಹಾಡು ಕಟ್ಟೋರಿಗೆ ಪದ ಹೊಕ್ಕರೂ ಅದ. ನಿಮ್ಮ ಕಡಿ ಏನಂತೀರಿ?”

“ದೇವರು ಬಂದ್ರ ಮೈದುಂಬೋದು. ದೆವ್ವ ಬಂದ್ರ ಗಾಳಿ.”

“ಪದ ಬಂದ್ರ?”

ನಾನು ಎಲೆ-ಅಡಿಕೆ ಚೀಲ ಬಿಚ್ಚಿದೆ. ಅವಳು ಬಿಡಲಿಲ್ಲ. “ಪದ ಬಂದದ್ದನ್ನ ಗಾಳಿ ಅಂತ ತಿಳಕೊಂಡು ಹೆಣ್ಮಕ್ಕಳನ್ನ ಬಡಿಸಿದ್ದು ಎಲ್ಲೆರ ಕೇಳೀರೇನು?”

ಜಂಬೀ, ಯಾರೂ ಹೇಳಿಕೊಡದೆ ಇಂಥ ಪ್ರಶ್ನೆ ಬಾಯಿಗೆ ಬರುತ್ತದೆಯೇ? “ನಮ್ಮ ಮನ್ಯಾಗ ಅಂಥದ್ದೇನಿಲ್ಲ” ಎಂದೆ. ಅಷ್ಟರಲ್ಲಿ ನಮ್ಮ ಮನೆಯವರು ಕಟ್ಟೆಯಿಂದಲೇ, “ಇಲ್ಲೇನಲೇ? ನಿನ್ನ ತಂಗಿಗೆ ಗಾಳಿ ಬಿಡಿಸಿದ್ರಂತಲ್ಲ! ಬರಕೊಳವ್ವ, ಹಡಗಲಿ...” ಎಂದು ನಿನ್ನ ವಿಳಾಸವನ್ನೇ ಕೊಟ್ಟುಬಿಟ್ಟರು. ಆಮೇಲೆ ಬೈದರೆ ನಗುತ್ತಾರೆ: “ಆಕಿ ನಿಮ್ಮ ಪದ ಕದ್ದು ಏನ್ಮಾಡ್ತಾಳ, ಉಪ್ಪಿನಕಾಯಿ ಹಾಕ್ತಾಳೇನು?”

ನಗುವ ಮಾತಲ್ಲ ಇದು. ಸೇಂಗಾ ಹೊಲದಲ್ಲಿ ಕಳೆ ತೆಗೆಯುತ್ತ ನೀನು ಕುರ್ಚಿಗಿ ಹಿಡಿದ ಕೈ ಹಾಗೇ ನಿಲ್ಲಿಸಿ, ತುಟಿಯಲ್ಲೇ ಏನೋ ಗುನುಗುತ್ತಿದ್ದೆ. ಹದಿನಾಲ್ಕು ತುಂಬಿತ್ತೋ ಇಲ್ಲವೋ. ಅವ್ವ ಗಾಳಿ ಬಿಡಿಸುವ ಆ ಮುದುಕನ ಹತ್ತಿರ ಕರೆದೊಯ್ದಳು. ಹಸಿ ಬೇವಿನ ಬರಲು ಮುರಿಯುವವರೆಗೆ ಬಡಿದ. “ಹೋತು, ಹೋತು” ಎಂದು ನೀನೇ ಕೂಗಿದೆ. ಅಂದಿನಿಂದ ನೀನು ಒಂದು ಪದವನ್ನೂ ಕಟ್ಟಲಿಲ್ಲ. ಗಾಳಿ ಬಡಿದಿದೆಯೆಂದು ಅವ್ವನಿಗೆ ಯಾರು ಹೇಳಿದರೆಂದು ನೀನು ಕೇಳಿದಾಗ, ನಾನು ಪಕ್ಕದ ಹೊಲದ ಬೊಮ್ಮಮ್ಮ ಇರಬೇಕು ಎಂದಿದ್ದೆ.

ಆ ಹುಡುಗಿ ಇಪ್ಪತ್ತೊಂಬತ್ತಕ್ಕೆ, ಸೋಮವಾರ, ನಿಮ್ಮಲ್ಲಿಗೆ ಬರುತ್ತಾಳಂತೆ. ಬಾಗಿಲು ತೆಗೆಯಬೇಡ. ಊರಲ್ಲಿಲ್ಲ ಎಂದು ಹೇಳಿಸು.

ನಿನ್ನ ಒಲೆ ಆರದಿರಲಿ, ಮುಡಿಯ ಹೂವು ಬಾಡದಿರಲಿ.

ನಿನ್ನ ಅಕ್ಕ
ಎರ್ರೆಮ್ಮ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಬೊಮ್ಮಮ್ಮ ಅಲ್ಲ ಜಂಬೀ. ಅವ್ವನಿಗೆ ಹೇಳಿದವಳು ನಾನು. ಯಾವ ಮದುವೆಯಲ್ಲೂ ಮುಂದೆ ಹಾಡುವವಳು ನಾನು, ಹಿಂದೆ ಸೊಲ್ಲು ಹಿಡಿಯುವವಳು ನೀನು. ಪಕ್ಕೀರಪ್ಪನ ಮನೆ ಮದುವೆಯಲ್ಲಿ ಹೆಂಗಸರು, “ಇವತ್ತು ಜಂಬಿ ಮುಂದ ಹಾಡ್ಲಿ, ಎರ್ರಿ ಹಿಂದ ಹಿಡೀಲಿ” ಎಂದರು. ಮರುದಿನವೇ ಹೋಗಿ, “ಅವ್ವಾ, ಜಂಬಿಗೆ ಗಾಳಿ ಬಡದೈತಿ” ಎಂದೆ. ಗಾಳಿಯಲ್ಲ ಎಂದು ನನಗೆ ಗೊತ್ತಿತ್ತು. ಪಕ್ಕದ ಸಾಲಿನಲ್ಲೇ ಕೂತು ಆ ಪದ ಕೇಳಿದ್ದೆ.

ಹುಡುಗಿ ಬಂದರೆ ಬಾಗಿಲು ತೆಗೆ. ಯಾರು ಹೇಳಿದ್ದು ಎಂದು ಕೇಳಿದರೆ ನನ್ನ ಹೆಸರು ಬರೆಸು. ಹಾಡಬೇಕೆನಿಸಿದರೆ ಹಾಡು. ಹಿಂದೆ ಹಿಡಿಯಲು ನಾನು ಮೊದಲ ಬಸ್ಸಿಗೇ ಬರುತ್ತೇನೆ, ಆದರೆ ನೀನು ಬಾ ಎಂದರೆ ಮಾತ್ರ.