ಜೇಬಿನಲ್ಲಿ ಕೂಗಿದ ಗಡಿಯಾರ

ಅಣ್ಣ,

ಕಟಕಟೆಯಲ್ಲಿ ನಿಂತವನಂತೆ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದೇನೆ: ಇಂದು ಸಂಜೆ ನಾನೊಂದು ಕೈಗಡಿಯಾರ ಕದ್ದೆ. ಮನೆ ನನ್ನದೇ, ಗಡಿಯಾರ ನನ್ನ ಹೆಂಡತಿಯದು. ನೀನು ಬದುಕಿದ್ದರೆ, "ನನ್ನ ಕಸುಬು ಕಲಿಯೋಕೆ ಇಷ್ಟು ತಡವಾ, ಮೇಷ್ಟ್ರೇ?" ಎಂದು ನಗುತ್ತಿದ್ದೆ.

ಬೆಳಿಗ್ಗೆ ಕಾಲೇಜಿನಲ್ಲಿ ಅಪರಾಧದ ಸಮಾಜಶಾಸ್ತ್ರ ಪಾಠ ಮಾಡಿದ್ದೆ. ಯಾರೂ ಕಳ್ಳರಾಗಿ ಹುಟ್ಟುವುದಿಲ್ಲ; ಒಮ್ಮೆ ಎಡವಿದವನಿಗೆ ನಾವು ಹಣೆಪಟ್ಟಿ ಅಂಟಿಸಿ, ಕೆಲಸ ಕೊಡದೆ, ಒಳಗೆ ಕರೆಯದೆ, ಮತ್ತೆ ಅದೇ ದಾರಿಗೆ ತಳ್ಳುತ್ತೇವೆ ಎಂದೆ. ಉದಾಹರಣೆಗೆ ನಿನ್ನ ಕಥೆಯನ್ನೇ ಹೇಳಿದೆ, 'ನನ್ನ ಪರಿಚಯದವರೊಬ್ಬರು' ಅಂತ. ಹಿಂದಿನ ಬೆಂಚೂ ಚಪ್ಪಾಳೆ ತಟ್ಟಿತು. ಹಣೆಪಟ್ಟಿಯಾಚೆಗೆ ಮನುಷ್ಯನನ್ನು ಕಾಣುವ ಕಣ್ಣು ನನಗಿದೆಯೆಂದು ಬೀಗುತ್ತಾ ಮನೆಗೆ ಬಂದೆ.

ಸಂಜೆ ನಿನ್ನ ಮಗ ಬಂದ. ನೀರು ಕುಡಿಯಲು ಅಡುಗೆಮನೆಗೆ ಹೋದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಗಡಿಯಾರ ನನ್ನ ಜೇಬು ಸೇರಿತ್ತು.

ಬಂದು ಕೂತವನೇ, "ಚಿಕ್ಕಪ್ಪಾ, ಹುಡುಗಿ ಮನೆಯೋರು ಅಪ್ಪನ ವಿಷ್ಯ ಕೇಳಿದಾರೆ. ನೀವು ಬಂದು, ಹುಡುಗ ಒಳ್ಳೇವ್ನು ಅಂತ ಒಂದ್ಮಾತು ಹೇಳ್ಬೇಕು" ಎಂದ.

"ಅದಕ್ಕೇನಪ್ಪಾ, ಧಾರಾಳವಾಗಿ!" ಎನ್ನುವಾಗಲೇ ನನ್ನ ಜೇಬು ಕಿರ್ರೆಂದಿತು. ಹೆಂಡತಿ ಮಾತ್ರೆಗೆಂದು ಇಟ್ಟಿದ್ದ ಅಲಾರಂ. ಅವನು ಖಾಲಿ ಮೇಜನ್ನು ನೋಡಿದ, ಆಮೇಲೆ ನನ್ನ ಜೇಬನ್ನು.

"ಬಿಡಿ ಚಿಕ್ಕಪ್ಪಾ, ನಿಮಗೆ ಟೈಮಾಯ್ತು ಅನ್ಸುತ್ತೆ" ಎಂದು ಎದ್ದ.

ಅವನು ಮೆಟ್ಟಿಲಿಳಿಯುವಾಗ ಕೂಗಿ ಕರೆಯಬೇಕಿತ್ತು. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ, ಬೆಳ್ಳಿ ಲೋಟಗಳು ಇವೆಯೇ ಎಂದು ನೋಡುತ್ತಿದ್ದೆ. ಎಲ್ಲವೂ ಇದ್ದವು ಅಣ್ಣ. ತಾನು ಕುಡಿದ ಸ್ಟೀಲ್ ಲೋಟವನ್ನು ಅವನು ತೊಳೆದು ಬೋರಲು ಹಾಕಿದ್ದ.